ಚಿಕ್ಕ ಪಿಸ್ತೂಲು, ದೊಡ್ಡ ಗುಂಡು: ಕೊಳ್ಳುವ ಮೊದಲು ಎರಡನೇ ಗುಂಡು ಎಲ್ಲಿ ಬೀಳುತ್ತದೆ ನೋಡಿ

ಪ್ರಶ್ನೆ: ನನಗೆ ಪಿಸ್ತೂಲಿನ ಲೈಸೆನ್ಸ್ ಸಿಕ್ಕಿದೆ. ಹೊರಗೆ ಹೋಗುವಾಗ ಬಟ್ಟೆಯ ಮರೆಯಲ್ಲಿ ಇಟ್ಟುಕೊಳ್ಳಲಿಕ್ಕೂ ರಾತ್ರಿ ಮನೆಯ ರಕ್ಷಣೆಗೂ ಒಂದೇ ಪಿಸ್ತೂಲು ಸಾಕು ಅಂದುಕೊಂಡಿದ್ದೇನೆ. ‘.45 ತಗೋ, ಒಂದೇ ಗುಂಡು ಸಾಕು. ಸಿಗುವುದರಲ್ಲಿ ತೀರಾ ಚಿಕ್ಕದನ್ನೇ ತಗೋ’ ಎಂದು ಪರಿಚಯದವರು ಹೇಳುತ್ತಾರೆ. ಹೆಂಡತಿಯೂ ಕಲಿಯಲು ಸಿದ್ಧಳಿದ್ದಾಳೆ, ಆದರೆ ಅವಳ ಕೈ ಚಿಕ್ಕದು. ಮನೆಯಲ್ಲಿ ಒಂಬತ್ತು ವರ್ಷದ ಮಗ ಇದ್ದಾನೆ. ನಾನು ಇದುವರೆಗೆ ಹೊಡೆದಿರುವುದು ಮುನ್ನೂರು ಗುಂಡು ಅಷ್ಟೆ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪರಿಚಯದವರು ಒಂದೇ ಉಸಿರಿನಲ್ಲಿ ಎರಡು ಸಲಹೆ ಕೊಟ್ಟಿದ್ದಾರೆ, ಆದರೆ ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. .45 ಅಂದರೆ 0.45 ಇಂಚು ಅಗಲದ, ಭಾರದ ಗುಂಡು. ಅದನ್ನು ತಡೆದುಕೊಳ್ಳಲು ತೂಕವಿರುವ ಪಿಸ್ತೂಲು ಬೇಕು. ಪಿಸ್ತೂಲು ಚಿಕ್ಕದೂ ಹಗುರವೂ ಆದಷ್ಟು ಅದೇ ಗುಂಡಿನ ಒದೆತ ನಿಮ್ಮ ಕೈಗೇ ಬರುತ್ತದೆ. ಹಾಗಾಗಿ ‘ಯಾವ .45’ ಎನ್ನುವುದಕ್ಕಿಂತ ಮೊದಲು ‘ನನ್ನ ಕೈ ಯಾವುದರಿಂದ ಎರಡನೇ ಗುಂಡನ್ನೂ ಸರಿಯಾದ ಜಾಗಕ್ಕೆ ಹೊಡೆಯಬಲ್ಲದು’ ಎಂದು ಕೇಳಿಕೊಳ್ಳಬೇಕು. ನಾನು ಇಷ್ಟು ವರ್ಷ ಹೊಸಬರಿಗೆ ಕಲಿಸುತ್ತಾ ಬಂದಿದ್ದೇನೆ. ಮೊದಲ ಗುಂಡನ್ನು ಹೆಚ್ಚುಕಡಿಮೆ ಎಲ್ಲರೂ ನೆಟ್ಟಗೆ ಹೊಡೆಯುತ್ತಾರೆ. ಪಿಸ್ತೂಲು ತಮಗೆ ಒಗ್ಗಿದೆಯೋ ಇಲ್ಲವೋ ಅನ್ನುವುದು ತಿಳಿಯುವುದು ಎರಡನೆಯದರಲ್ಲಿ.

ಅಭ್ಯಾಸದಲ್ಲಿ ನಾನು ತಪ್ಪದೆ ಮಾಡಿಸುವ ಒಂದು ಪರೀಕ್ಷೆ ಇದೆ. ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ತುಂಬುವಾಗ ಮದ್ದಿಲ್ಲದ ಒಂದು ಡಮ್ಮಿ ಕಾರ್ಟ್ರಿಜ್ ಅನ್ನು ನಡುವೆ ಎಲ್ಲೋ ಸೇರಿಸುತ್ತೇನೆ. ಅದು ಎಷ್ಟನೆಯದು ಎಂದು ಹೊಡೆಯುವವರಿಗೆ ಹೇಳುವುದಿಲ್ಲ. ಅವರು ಒಂದು, ಎರಡು, ಮೂರು ಎಂದು ಹೊಡೆಯುತ್ತಾ ಹೋಗುತ್ತಾರೆ. ನಾಲ್ಕನೆಯದಕ್ಕೆ ‘ಟಿಕ್’ ಎಂಬ ಸದ್ದು ಮಾತ್ರ ಬರುತ್ತದೆ. ಆ ಕ್ಷಣ ಪಿಸ್ತೂಲಿನ ಮೂತಿಯನ್ನು ನೋಡಬೇಕು. ಗುಂಡೇ ಹಾರಿಲ್ಲ, ಒದೆತವೂ ಇಲ್ಲ, ಆದರೂ ಮೂತಿ ಎರಡು ಬೆರಳಿನಷ್ಟು ಕೆಳಕ್ಕೆ ಕುಸಿಯುತ್ತದೆ. ಬರಲಿರುವ ಏಟಿಗೆ ಹೆದರಿ ಕೈ ಮುಂಚಿತವಾಗಿಯೇ ಕೆಳಗೆ ಒತ್ತಿರುತ್ತದೆ. ಏಳು ಮೀಟರ್ ದೂರದ ಗುರಿಯಲ್ಲಿ ಗುಂಡುಗಳೆಲ್ಲ ಕೆಳಗೆ, ಒಂದು ಬದಿಗೆ ಚೆಲ್ಲಿಕೊಂಡಿರುವುದಕ್ಕೆ ಕಾರಣ ಇದೇ. ಆರುನೂರು ಗ್ರಾಂ ತೂಕದ .45 ಕೊಟ್ಟಾಗ ಮೂತಿ ಹೀಗೆ ಕುಸಿಯುವವರೇ ನಡುಗಾತ್ರದ 9 ಎಂಎಂ ಕೊಟ್ಟ ಅರ್ಧ ಗಂಟೆಯಲ್ಲಿ ಅಲುಗದೆ ಹೊಡೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಪುಕ್ಕಲುತನ ಅಲ್ಲವೇ ಅಲ್ಲ. ನೋವಾಗುವ ಕಡೆಯಿಂದ ಹಿಂದೆ ಸರಿಯುವುದು ದೇಹದ ಸಹಜ ಗುಣ.

ಲೆಕ್ಕ ಹಾಕಿದರೂ ಇದು ಗೊತ್ತಾಗುತ್ತದೆ. .45 ಪಿಸ್ತೂಲಿನ ರೂಢಿಯ ಗುಂಡು 230 ಗ್ರೇನ್, ಅಂದರೆ ಹತ್ತಿರ ಹತ್ತಿರ 15 ಗ್ರಾಂ. 5 ಇಂಚಿನ ನಳಿಕೆ, ಅಂದರೆ ಬ್ಯಾರೆಲ್‌ನಿಂದ ಅದು ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಹೊರಡುತ್ತದೆ. 9 ಎಂಎಂನ 124 ಗ್ರೇನ್ ಗುಂಡು 8 ಗ್ರಾಂ, ವೇಗ ಸುಮಾರು 350 ಮೀಟರ್. ತೂಕವನ್ನು ವೇಗದಿಂದ ಗುಣಿಸಿ ನೋಡಿ, .45 ಹಿಂದಕ್ಕೆ ತಳ್ಳುವುದು 9 ಎಂಎಂಗಿಂತ ಸುಮಾರು ಮೂರನೇ ಒಂದು ಪಾಲಿನಷ್ಟು ಹೆಚ್ಚು. ‘1911’ ಎಂಬ ಹಳೆಯ .45 ಮಾದರಿಯ ಉಕ್ಕಿನ ಪೂರ್ಣಗಾತ್ರದ ಪಿಸ್ತೂಲು ಖಾಲಿಯಾಗಿಯೇ 1.1 ಕಿಲೋ ತೂಗುತ್ತದೆ, ಆ ತಳ್ಳಾಟವನ್ನು ತನ್ನ ಮೈಯಲ್ಲೇ ನುಂಗಿಕೊಳ್ಳುತ್ತದೆ. ಹಾಗಾಗಿ ದೊಡ್ಡ .45 ಹೊಡೆದವರು ‘ಅಷ್ಟೇನೂ ಒದೆಯುವುದಿಲ್ಲ, ಮೆಲ್ಲಗೆ ನೂಕುತ್ತದೆ’ ಅನ್ನುವುದು ನಿಜವೇ. ಅದೇ ಮಾತನ್ನು ನಂಬಿ 600 ಗ್ರಾಂನ ಪಿಸ್ತೂಲು ಕೊಂಡವರಿಗೆ ಬೇರೆಯೇ ಅನುಭವ ಆಗುತ್ತದೆ. ಚಿಕ್ಕದರ ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ತೆಳು ಚರ್ಮದ ಮೇಲೆ ಏಟೆಲ್ಲ ಬಿದ್ದು, ಐವತ್ತು ಗುಂಡು ಮುಗಿಯುವಷ್ಟರಲ್ಲಿ ಅದು ಕೆಂಪಗಾಗಿರುತ್ತದೆ. ಐವತ್ತು ಹೊಡೆಯುವಷ್ಟರಲ್ಲಿ ಸಾಕಪ್ಪಾ ಅನಿಸಿದ ಪಿಸ್ತೂಲನ್ನು ತಿಂಗಳು ತಿಂಗಳೂ ಅಭ್ಯಾಸಕ್ಕೆ ಒಯ್ಯುವವರು ತೀರಾ ಅಪರೂಪ.

ಇನ್ನು ‘ಒಂದೇ ಗುಂಡು ಸಾಕು’ ಅನ್ನುವ ಮಾತು. ಇದು ಇವತ್ತು ನಿನ್ನೆಯದಲ್ಲ. ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಾಗಿನಿಂದ ಈ ನಂಬಿಕೆ ಅದರ ಜೊತೆಗೇ ಬಂದಿದೆ. ಪಿಸ್ತೂಲಿನ ಯಾವ ಗುಂಡಿಗೂ, ಅದು ಯಾವ ಕ್ಯಾಲಿಬರ್ (ಗುಂಡಿನ ಅಗಲದ ಅಳತೆ) ಆಗಿರಲಿ, ಮನುಷ್ಯನನ್ನು ಎತ್ತಿ ಹಿಂದಕ್ಕೆ ಬೀಳಿಸುವ ಶಕ್ತಿ ಇಲ್ಲ. ಇದ್ದಿದ್ದರೆ ಹೊಡೆದವನೂ ಅಷ್ಟೇ ಜೋರಾಗಿ ಬೀಳಬೇಕಿತ್ತು. ಆಕ್ರಮಣ ನಿಲ್ಲುವುದು ಗುಂಡು ಎಲ್ಲಿ ತಾಗಿತು, ಎಷ್ಟು ಆಳಕ್ಕೆ ಹೋಯಿತು ಅನ್ನುವುದರಿಂದ. ರಂಧ್ರದ ಅಗಲ ಆಮೇಲಿನ ಮಾತು.

ಇದನ್ನು ಪೊಲೀಸ್ ಇಲಾಖೆಗಳು ಕಲಿತದ್ದು ದೊಡ್ಡ ಬೆಲೆ ತೆತ್ತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸಿಬ್ಬಂದಿ ಸತ್ತರು, ಐವರು ಗಾಯಗೊಂಡರು. ದರೋಡೆಕೋರರಲ್ಲಿ ಒಬ್ಬನಿಗೆ ಶುರುವಿನಲ್ಲೇ ತಾಗಿದ ಒಂದು 9 ಎಂಎಂ ಗುಂಡು ತೋಳನ್ನು ಹಾಯ್ದು ಎದೆಗೆ ಹೊಕ್ಕಿತಾದರೂ ಹೃದಯ ತಲುಪದೆ ನಿಂತುಬಿಟ್ಟಿತು. ಆತ ಆಮೇಲೂ ಹೊಡೆಯುತ್ತಲೇ ಇದ್ದ. ಇದಾದ ಮೇಲೆ ಎಫ್‌ಬಿಐ ಗುಂಡುಗಳನ್ನು ಮಾಂಸದ ಬದಲಿಗೆ ಬಳಸುವ ಜೆಲಾಟಿನ್ ಗಟ್ಟಿಗೆ ಹೊಡೆದು ಅಳೆಯುವ ಕ್ರಮ ತಂದಿತು. ಕನಿಷ್ಠ 12 ಇಂಚು ಆಳಕ್ಕೆ ಹೋಗಬೇಕು, 18 ಇಂಚು ದಾಟಬಾರದು. ಮೊದಲು ಇನ್ನೂ ಜೋರಾದ 10 ಎಂಎಂ ಗುಂಡಿಗೆ ಹೋದರು. ಅದರ ಒದೆತ ಬಹಳ ಮಂದಿಗೆ ಹೆಚ್ಚಾಯಿತು. 1990ರಲ್ಲಿ ಬಂದ .40 ಎಸ್ ಅಂಡ್ ಡಬ್ಲ್ಯೂ ಎಂಬ ಗುಂಡಿಗೆ ಇಳಿದರು. 2014ರಲ್ಲಿ ಅವರದೇ ತರಬೇತಿ ವಿಭಾಗ 9 ಎಂಎಂಗೆ ಮರಳುವುದೇ ಸರಿ ಎಂದು ವಾದ ಮಂಡಿಸಿತು. ಅಷ್ಟು ಹೊತ್ತಿಗೆ ಹಾಲೋ ಪಾಯಿಂಟ್ (ತುದಿಯಲ್ಲಿ ಟೊಳ್ಳಾಗಿದ್ದು ತಾಗಿದಾಗ ಅರಳುವ) ಗುಂಡುಗಳ ತಯಾರಿಕೆ ಬಹಳ ಸುಧಾರಿಸಿತ್ತು, ಒಳ್ಳೆಯ 9 ಎಂಎಂ ಗುಂಡೂ ಬೇಕಾದ ಆಳಕ್ಕೆ ಹೋಗುತ್ತಿತ್ತು. ಅದೇ ಸಿಬ್ಬಂದಿ 9 ಎಂಎಂನಲ್ಲಿ ಬೇಗ ಹೊಡೆಯುತ್ತಿದ್ದರು, ಹೆಚ್ಚು ಗುರಿ ತಾಗಿಸುತ್ತಿದ್ದರು.

ಹಾಗಂತ .45 ಕೆಟ್ಟದ್ದು ಅನ್ನುತ್ತಿಲ್ಲ. ನನಗೂ ಅದು ಇಷ್ಟದ ಗುಂಡೇ. ಶಬ್ದಕ್ಕಿಂತ ನಿಧಾನವಾಗಿ ಹೋಗುತ್ತದೆ, ಬ್ಯಾರೆಲ್ ಹಿಂದೆ ಗುಂಡು ಕೂರುವ ಕೋಣೆಯ (ಚೇಂಬರ್) ಒತ್ತಡ 9 ಎಂಎಂಗಿಂತ ಬಹಳ ಕಡಿಮೆ, ಹಾಲೋ ಪಾಯಿಂಟ್ ಅರಳದೆ ಹೋದರೂ ಅಗಲ 11 ಎಂಎಂ ದಾಟಿಯೇ ಇರುತ್ತದೆ. ಪೂರ್ಣಗಾತ್ರದ ಪಿಸ್ತೂಲಿನಲ್ಲಿ, ಪಳಗಿದ ಕೈಯಲ್ಲಿ, ಅದು ಬಹಳ ಒಳ್ಳೆಯ ಆಯ್ಕೆ. ನನ್ನ ಆಕ್ಷೇಪ ಇರುವುದು ‘ತೀರಾ ಚಿಕ್ಕದನ್ನೇ’ ಅನ್ನುವ ಮಾತಿಗೆ.

ಬ್ಯಾರೆಲ್ ಗಿಡ್ಡವಾದಾಗ ಇನ್ನೂ ಎರಡು ತೊಂದರೆ ಬರುತ್ತವೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡುವಾಗ ಅವು ಕಣ್ಣಿಗೆ ಬೀಳುವುದಿಲ್ಲ. ಒಂದನೆಯದು ವೇಗ. 5 ಇಂಚಿನಿಂದ 3.3 ಇಂಚಿಗೆ ಇಳಿದರೆ .45 ಗುಂಡು ಸೆಕೆಂಡಿಗೆ ಹದಿನೈದು ಇಪ್ಪತ್ತು ಮೀಟರ್ ಕಳೆದುಕೊಳ್ಳುತ್ತದೆ. ಹೇಳಲಿಕ್ಕೆ ಅಲ್ಪವೇ, ಆದರೆ ಮೊದಲೇ ನಿಧಾನ ಇರುವ ಗುಂಡು ಅದು. ದಪ್ಪ ಬಟ್ಟೆ ಹಾಯ್ದಾಗ ಹಾಲೋ ಪಾಯಿಂಟ್‌ನ ಬಾಯಿ ಮುಚ್ಚಿಕೊಂಡು ಅರಳದೇ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಗಿಡ್ಡ ಬ್ಯಾರೆಲ್‌ಗಾಗಿಯೇ ಮಾಡಿದ ಗುಂಡುಗಳಿವೆ, ಚಿಕ್ಕದನ್ನು ಕೊಂಡರೆ ಅವನ್ನೇ ಹಾಕಬೇಕು.

ಎರಡನೆಯದು ಯಂತ್ರದ್ದು. ನನ್ನ ಮಟ್ಟಿಗೆ ಇದೇ ಮುಖ್ಯ. ಪ್ರತಿ ಗುಂಡಿಗೂ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ ಜಾರುವ ಉಕ್ಕಿನ ಭಾಗ) ಹಿಂದಕ್ಕೆ ಓಡಬೇಕು, ಖಾಲಿ ಕೇಸನ್ನು ಎಳೆದು ಹೊರಗೆ ಎಸೆಯಬೇಕು, ಮತ್ತೆ ಮುಂದಕ್ಕೆ ಬಂದು ಮ್ಯಾಗಜಿನ್‌ನಿಂದ ಹೊಸದನ್ನು ತಳ್ಳಿಕೊಂಡು ಕೋಣೆಗೆ ತುಂಬಬೇಕು. ಉದ್ದದ ಪಿಸ್ತೂಲಿನಲ್ಲಿ ಇದಕ್ಕೆಲ್ಲ ಸಾವಕಾಶ ಇದೆ. ಗಿಡ್ಡದರಲ್ಲಿ ಸ್ಲೈಡ್ ಹಗುರ, ಓಡುವ ದಾರಿ ಕಡಿಮೆ, ಅದನ್ನು ತಡೆಯಲು ಸ್ಪ್ರಿಂಗ್ ಗಡುಸಾಗಿರಬೇಕು. ಸ್ಲೈಡ್ ಮಿಂಚಿನಂತೆ ಹೋಗಿ ಬರುವುದರೊಳಗೆ ಮ್ಯಾಗಜಿನ್‌ನ ಸ್ಪ್ರಿಂಗ್ ಮುಂದಿನ ಗುಂಡನ್ನು ಮೇಲಕ್ಕೆ ಎತ್ತಿರಬೇಕು. ಸ್ವಲ್ಪ ಕೊಳೆ, ಸ್ವಲ್ಪ ಸೋತ ಸ್ಪ್ರಿಂಗ್, ಸ್ವಲ್ಪ ಸಡಿಲ ಹಿಡಿತ, ಇವುಗಳಲ್ಲಿ ಒಂದು ಸೇರಿದರೂ ಗುಂಡು ಸಿಕ್ಕಿಹಾಕಿಕೊಳ್ಳುತ್ತದೆ. 1911 ಮಾದರಿಯನ್ನು 3 ಇಂಚಿಗೆ ಕುಗ್ಗಿಸಿದ ಪಿಸ್ತೂಲುಗಳಲ್ಲಿ ಇದು ಹಳೆಯ ಕಾಯಿಲೆ. ಒಮ್ಮೆ ನಾನೇ ಅಂಥದ್ದೊಂದನ್ನು ಆಸೆಪಟ್ಟು ಕೊಂಡಿದ್ದೆ. ನೂರು ಗುಂಡಿಗೆ ಮೂರು ಸಲ ಸಿಕ್ಕಿಕೊಳ್ಳುತ್ತಿತ್ತು. ಸ್ಪ್ರಿಂಗ್ ಬದಲಿಸಿದೆ, ಮ್ಯಾಗಜಿನ್ ಬದಲಿಸಿದೆ, ಕೊನೆಗೆ ಪಿಸ್ತೂಲನ್ನೇ ಬದಲಿಸಿದೆ. ಗುರಿ ಹೊಡೆಯುವ ಆಟದಲ್ಲಿ ಸಿಕ್ಕಿಕೊಂಡರೆ ಬೇಸರ ಅಷ್ಟೆ, ಜೀವ ಕಾಯಲು ಇಟ್ಟುಕೊಂಡದ್ದು ಹಾಗೆ ಮಾಡಬಾರದು. ಚಿಕ್ಕ ಪಿಸ್ತೂಲಿನ ಸ್ಪ್ರಿಂಗ್ ದೊಡ್ಡದಕ್ಕಿಂತ ಬೇಗ ಸೋಲುತ್ತದೆ. ಎಷ್ಟು ಗುಂಡಿಗೆ ಬದಲಿಸಬೇಕೆಂದು ಅದರ ಕೈಪಿಡಿಯಲ್ಲಿ ಇರುತ್ತದೆ, ನೋಡಿಕೊಂಡು ಬರೆದಿಡಿ.

ಈಗ ನೇರವಾಗಿ ಪಿಸ್ತೂಲುಗಳ ಮಾತಿಗೆ ಬರೋಣ. .45ನಲ್ಲೇ ಮನಸ್ಸು ನಿಂತಿದ್ದರೆ ಬ್ಯಾರೆಲ್ 3.8 ಇಂಚಿಗಿಂತ ಕೆಳಗೆ ಇಳಿಯಬೇಡಿ, ತೂಕ 700 ಗ್ರಾಂಗಿಂತ ಕೆಳಗೆ ಬೇಡ. ಗ್ಲಾಕ್ 30 ಈ ಗೆರೆಯ ಮೇಲೇ ನಿಂತಿದೆ. ಬ್ಯಾರೆಲ್ 3.8 ಇಂಚಿಗೆ ಕೂದಲೆಳೆಯಷ್ಟು ಕಡಿಮೆ, 10 ಗುಂಡು, ತೂಕ ಖಾಲಿ ಮ್ಯಾಗಜಿನ್ ಸೇರಿ ಸುಮಾರು 750 ಗ್ರಾಂ. ಆದರೆ ದಪ್ಪ, ಹಿಡಿಯೂ ಅಗಲ. ಹೆಕ್ಲರ್ ಅಂಡ್ ಕಾಖ್‌ನ ಎಚ್‌ಕೆ 45 ಕಾಂಪ್ಯಾಕ್ಟ್‌ನ ಬ್ಯಾರೆಲ್ 3.9 ಇಂಚು, 8 ಗುಂಡು, ಹಿಡಿ ತೆಳು. ಕೈ ನಡುಗಾತ್ರದ್ದಾದರೆ ನನಗೆ ಇದು ಹೆಚ್ಚು ಹಿಡಿಸುತ್ತದೆ. 1911ರ ವಿನ್ಯಾಸ ಬೇಕೇ ಬೇಕು ಅನ್ನುವವರಿಗೆ 4.25 ಇಂಚಿನ ಕಮಾಂಡರ್ ಗಾತ್ರ ಇದೆ. ಅದು ತೆಳ್ಳಗಿರುವುದರಿಂದ ಬಟ್ಟೆಯೊಳಗೆ ಚೆನ್ನಾಗಿ ಅಡಗುತ್ತದೆ, ಆದರೆ ಹಿಂಬದಿಯ ಹ್ಯಾಮರ್ ಎಳೆದು ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲು) ಹಾಕಿ ಒಯ್ಯುವ ಪಿಸ್ತೂಲು ಅದು. ಹೊರತೆಗೆಯುವಾಗ ಹೆಬ್ಬೆರಳು ತಾನಾಗಿ ಸೇಫ್ಟಿ ಇಳಿಸುವವರೆಗೆ ಸಾವಿರಾರು ಸಲ ಅಭ್ಯಾಸ ಬೇಕು, ಮುನ್ನೂರು ಗುಂಡಿನ ಅನುಭವಕ್ಕೆ ಅದು ಹೊರೆ. 3.3 ಇಂಚಿನ, ಐದಾರು ಗುಂಡಿನ ತೆಳು ಪಿಸ್ತೂಲುಗಳು, ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ-ಎಸ್, ಎಂ ಅಂಡ್ ಪಿ ಶೀಲ್ಡ್ 45ರಂಥವು, ತಯಾರಿಕೆಯಲ್ಲಿ ಚೆನ್ನಾಗಿಯೇ ಇವೆ. ಅವು ಪಳಗಿದವರ ಕೈಗೆ ಸೇರಿದವು, ಮೊದಲ ಪಿಸ್ತೂಲಾಗಿ ಬೇಡ.

ನಿಮ್ಮ ಪರಿಸ್ಥಿತಿಗೆ ನನ್ನ ಆಯ್ಕೆ ನಡುಗಾತ್ರದ 9 ಎಂಎಂ. ಗ್ಲಾಕ್ 19ರ ಗಾತ್ರ ಎಂದು ಇಟ್ಟುಕೊಳ್ಳಿ: 4 ಇಂಚಿನ ಬ್ಯಾರೆಲ್, 15 ಗುಂಡು, ಮ್ಯಾಗಜಿನ್ ಬಿಟ್ಟು ಸುಮಾರು 600 ಗ್ರಾಂ. ಬೇರೆ ಕಂಪನಿಗಳಲ್ಲೂ ಈ ಗಾತ್ರದ ಒಳ್ಳೆಯ ಪಿಸ್ತೂಲುಗಳಿವೆ, ಹೆಸರಿಗಿಂತ ಗಾತ್ರ ಮುಖ್ಯ. ಇದು ಸೊಂಟದಲ್ಲಿ ಅಡಗುತ್ತದೆ, ಮನೆಯಲ್ಲಿ ಎರಡೂ ಕೈಗೆ ತುಂಬ ಸಿಗುತ್ತದೆ, ಅಭ್ಯಾಸದ ಗುಂಡಿಗೆ .45ಕ್ಕಿಂತ ಕಡಿಮೆ ಖರ್ಚು. ಖರ್ಚು ಕಡಿಮೆ ಅಂದರೆ ಹೆಚ್ಚು ಅಭ್ಯಾಸ. ಕೊಳ್ಳುವ ಮೊದಲು ನಿಮ್ಮ ಲೈಸೆನ್ಸನ್ನೂ ನಿಮ್ಮಲ್ಲಿನ ಕಾನೂನನ್ನೂ ಒಮ್ಮೆ ಸಾವಧಾನವಾಗಿ ಓದಿ. ಕೆಲವು ದೇಶಗಳಲ್ಲಿ ಸೇನೆ ಬಳಸುವ ಕ್ಯಾಲಿಬರ್‌ಗಳು ನಾಗರಿಕರಿಗೆ ಇಲ್ಲ, ಕೆಲವು ಕಡೆ ಹಾಲೋ ಪಾಯಿಂಟ್ ಇಟ್ಟುಕೊಳ್ಳುವಂತಿಲ್ಲ, ಕೆಲವು ಕಡೆ ಮ್ಯಾಗಜಿನ್‌ಗೆ ಇಷ್ಟೇ ಗುಂಡು ಎಂಬ ಮಿತಿ ಇದೆ. ಕ್ಯಾಲಿಬರ್ ಆಯ್ಕೆ ಆ ಬೇಲಿಯ ಒಳಗೇ ಆಗಬೇಕು.

ನಿಮ್ಮ ಹೆಂಡತಿ ಕಲಿಯಲು ಸಿದ್ಧರಿದ್ದಾರೆ ಎಂದು ಓದಿ ಬಹಳ ಸಂತೋಷವಾಯಿತು. ಅವರನ್ನೂ ಕರೆದುಕೊಂಡು ಹೋಗಿಯೇ ಕೊಳ್ಳಿ. ಖಾಲಿ ಎಂದು ಇಬ್ಬರೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಂಡ ಮೇಲೆ, ಅವರು ಸ್ಲೈಡನ್ನು ಹತ್ತು ಸಲ ಎಳೆದು ಬಿಡಲಿ. ಏಳನೇ ಸಲಕ್ಕೆ ಕೈ ಸೋತರೆ ಆ ಪಿಸ್ತೂಲು ನಿಮ್ಮ ಮನೆಗೆ ಬೇಡ. ಆಮೇಲೆ ಹಿಡಿಯನ್ನು ಮುಂಗೈ ಮೂಳೆಯ ನೇರಕ್ಕೆ ಇರುವಂತೆ ಹಿಡಿದು ನೋಡಲಿ. ತೋರುಬೆರಳಿನ ಮೊದಲ ಗಂಟಿನ ಮುಂದಿನ ಮೆತ್ತೆ ಟ್ರಿಗರ್ ಮೇಲೆ ಸರಾಗವಾಗಿ ಕೂರಬೇಕು. ಬೆರಳು ಮುಟ್ಟಲೆಂದು ಹಿಡಿತ ತಿರುಚಬೇಕಾಗಿ ಬಂದರೆ ಹಿಡಿ ದೊಡ್ಡದಾಯಿತು ಎಂದೇ ಅರ್ಥ. ಹಿಡಿಯ ಹಿಂಬದಿಯ ಪಟ್ಟಿ ಬದಲಿಸಬಹುದಾದ ಪಿಸ್ತೂಲುಗಳು ಈಗ ಬೇಕಾದಷ್ಟಿವೆ, ಇಬ್ಬರ ಕೈಗೂ ನಡುವಿನ ಅಳತೆ ಹುಡುಕಿಕೊಳ್ಳಬಹುದು.

ಒಯ್ಯುವ ವಿಷಯದಲ್ಲಿ ಹೆಚ್ಚಿನವರು ಪಿಸ್ತೂಲಿಗೆ ಕೊಡುವ ಗಮನದ ಹತ್ತರಲ್ಲಿ ಒಂದು ಪಾಲನ್ನೂ ಹೋಲ್ಸ್ಟರಿಗೆ, ಅಂದರೆ ಪಿಸ್ತೂಲಿನ ಒರೆಗೆ, ಕೊಡುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ, ಗಟ್ಟಿ ಪ್ಲಾಸ್ಟಿಕ್ಕಿನ, ಆ ಮಾದರಿಗೆಂದೇ ಮಾಡಿದ ಹೋಲ್ಸ್ಟರ್ ಬೇಕು. ಅದರ ಜೊತೆಗೆ ಬಾಗದ ದಪ್ಪ ಬೆಲ್ಟ್ ಬೇಕು. ಪ್ಯಾಂಟಿನ ಜೇಬಿನಲ್ಲಿ ಬರಿಯ ಪಿಸ್ತೂಲು ಹಾಕಿಕೊಂಡು ಓಡಾಡುವುದು ಖಂಡಿತ ಬೇಡ. ಆಕಸ್ಮಿಕವಾಗಿ ತನ್ನ ತೊಡೆಗೇ ಹೊಡೆದುಕೊಂಡವರಲ್ಲಿ ಬಹಳ ಮಂದಿಗೆ ಅದು ಆಗಿರುವುದು ಪಿಸ್ತೂಲನ್ನು ವಾಪಸ್ ಹೋಲ್ಸ್ಟರಿಗೆ ಇಡುವಾಗ. ಅಂಗಿಯ ಅಂಚು ಟ್ರಿಗರಿಗೆ ಸಿಕ್ಕಿರುತ್ತದೆ, ಅಥವಾ ಬೆರಳು ಹೊರಗೆ ಬಂದಿರುವುದಿಲ್ಲ. ತೆಗೆಯುವಾಗ ಆತುರ ಇರಬಹುದು, ಇಡುವಾಗ ಯಾವತ್ತೂ ಆತುರ ಇಲ್ಲ. ಅಂಗಿ ಎತ್ತಿ, ಕಣ್ಣಿಂದ ನೋಡುತ್ತಾ, ಮೆಲ್ಲಗೆ ಇಡಿ.

ಮನೆಯ ಮಾತೇ ಬೇರೆ. ಅಲ್ಲಿ ಅಡಗಿಸಬೇಕಿಲ್ಲ, ಹಾಗಾಗಿ ಚಿಕ್ಕದಾಗಿರಬೇಕಾದ ಕಾರಣವೂ ಇಲ್ಲ. ಅಲ್ಲಿ ಬೇಕಾದದ್ದು ಬೆಳಕು. ಕತ್ತಲಲ್ಲಿ ಎದುರಿಗಿರುವವರು ಯಾರು ಎಂದು ತಿಳಿಯದೆ ಬೆರಳು ಟ್ರಿಗರಿಗೆ ಹೋಗಲೇಬಾರದು. ಕಳ್ಳ ಎಂದು ಭಾವಿಸಿ ಮನೆಯವರಿಗೇ ಹೊಡೆದ ದುರಂತಗಳು ನಡೆದಿವೆ. ಪ್ರಖರವಾದ ಕೈ ಟಾರ್ಚ್ ಒಂದು ಪಿಸ್ತೂಲಿನ ಪಕ್ಕದಲ್ಲೇ ಇರಲಿ. ಪಿಸ್ತೂಲಿಗೆ ಕಟ್ಟುವ ದೀಪ ಇದ್ದರೂ ಕೈ ಟಾರ್ಚ್ ಬೇಕೇ ಬೇಕು. ಪಿಸ್ತೂಲಿನ ದೀಪದಿಂದ ಹುಡುಕಲು ಹೊರಟರೆ ನೋಡಿದ ಕಡೆಗೆಲ್ಲ ಪಿಸ್ತೂಲಿನ ಮೂತಿಯೂ ತಿರುಗುತ್ತದೆ, ಆ ಕಡೆ ನಿಮ್ಮ ಮಗನೇ ನಿಂತಿರಬಹುದು.

ಗೋಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ‘.45 ನಿಧಾನ, ಗೋಡೆ ದಾಟುವುದಿಲ್ಲ’ ಎನ್ನುವುದು ಸುಳ್ಳು. ತೆಳುವಾದ ಜಿಪ್ಸಂ ಹಲಗೆಯ ಗೋಡೆಗಳನ್ನು 9 ಎಂಎಂ ಆಗಲಿ .45 ಆಗಲಿ ಒಂದರ ಹಿಂದೆ ಒಂದು ದಾಟಿ ಹೋಗುತ್ತವೆ. ಕಾಂಕ್ರೀಟಿಗೆ ತಾಗಿದರೆ ಚೂರುಗಳು ಸಿಡಿದು ತಿರುಗಿ ಬರಬಹುದು. ಹಗಲಿನಲ್ಲೇ ಮನೆಯಲ್ಲಿ ನಿಂತು ನೋಡಿ: ಯಾವ ದಿಕ್ಕಿಗೆ ಹೊಡೆದರೆ ಮಗ ಮಲಗುವ ಕೋಣೆ ಬರುತ್ತದೆ, ಯಾವ ಕಡೆ ಪಕ್ಕದ ಮನೆ? ಆ ದಿಕ್ಕು ನಿಮಗೆ ಇಲ್ಲವೇ ಇಲ್ಲ. ಮನೆ ತುಂಬ ಹುಡುಕಾಡುತ್ತಾ ಹೋಗಬೇಡಿ. ಮೂವರೂ ಒಂದು ಕೋಣೆ ಸೇರಿ, ಬಾಗಿಲು ಹಾಕಿ, ಒಬ್ಬರು ಪೊಲೀಸರಿಗೆ ಫೋನ್ ಮಾಡಿ, ಇನ್ನೊಬ್ಬರು ಬಾಗಿಲನ್ನು ಕಾಯಿರಿ. ಹೀಗೆ ಮಾಡಿದ ಮನೆಗಳಲ್ಲಿ ಗುಂಡು ಹಾರಿಸುವ ಪ್ರಸಂಗವೇ ಬರದೆ ಮುಗಿಯುವ ಸಂಭವ ಹೆಚ್ಚು. ಪಿಸ್ತೂಲಿನ ಸದ್ದು 140 ಡೆಸಿಬೆಲ್ ಮೀರುತ್ತದೆ, ಮುಚ್ಚಿದ ಕೋಣೆಯಲ್ಲಿ ಒಂದೇ ಗುಂಡಿಗೆ ಕಿವಿಗೆ ಶಾಶ್ವತ ಪೆಟ್ಟಾಗಬಹುದು. ಸಣ್ಣ ಸದ್ದು ಕೇಳಿಸಿ ದೊಡ್ಡ ಸದ್ದು ತಡೆಯುವ ಎಲೆಕ್ಟ್ರಾನಿಕ್ ಇಯರ್ ಮಫ್ ಪೆಟ್ಟಿಗೆಯ ಹತ್ತಿರವೇ ಇದ್ದರೆ ಒಳ್ಳೆಯದು.

ಮಗನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಒಂಬತ್ತು ವರ್ಷದ ಹುಡುಗನಿಗೆ ಗೊತ್ತಿಲ್ಲದ ಜಾಗ ಮನೆಯಲ್ಲಿ ಯಾವುದೂ ಇಲ್ಲ. ಬೀರುವಿನ ಮೇಲೆ, ಹಾಸಿಗೆಯ ಕೆಳಗೆ, ಬಟ್ಟೆಯ ಮಡಿಕೆಯೊಳಗೆ, ಇವು ಬಚ್ಚಿಟ್ಟ ಜಾಗಗಳಲ್ಲ. ಅಂಕಿಯ ಗುಂಡಿ ಒತ್ತಿ ತೆರೆಯುವ ಗಟ್ಟಿ ಉಕ್ಕಿನ ಪೆಟ್ಟಿಗೆಯನ್ನು ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ ಕೂರಿಸಿ. ಪಿಸ್ತೂಲು ಇರಬೇಕಾದದ್ದು ನಿಮ್ಮ ಮೈಮೇಲೆ, ಇಲ್ಲವೇ ಆ ಪೆಟ್ಟಿಗೆಯೊಳಗೆ. ಮೂರನೆಯ ಜಾಗ ಇಲ್ಲ, ಸ್ನಾನಕ್ಕೆ ಹೋಗುವ ಐದು ನಿಮಿಷಕ್ಕೂ ಇಲ್ಲ. ಪೆಟ್ಟಿಗೆಯ ಬ್ಯಾಟರಿ ಬದಲಿಸುವ ದಿನವನ್ನು ಗುರುತು ಹಾಕಿ. ಮಗನಿಗೂ ಹೇಳಿಕೊಡಿ: ಎಲ್ಲೇ ಪಿಸ್ತೂಲು ಕಂಡರೂ ಮುಟ್ಟಬಾರದು, ಅಲ್ಲಿಂದ ಹೊರಗೆ ಬರಬೇಕು, ದೊಡ್ಡವರಿಗೆ ಹೇಳಬೇಕು. ಗೆಳೆಯರ ಮನೆಯಲ್ಲೂ ಇದೇ ನಿಯಮ ಎಂದು ಬಿಡಿಸಿ ಹೇಳಿ.

ಕೊಂಡ ಮೇಲೂ ಪಿಸ್ತೂಲನ್ನು ತಕ್ಷಣ ನಂಬಬೇಡಿ. ಅಭ್ಯಾಸದ ಗುಂಡು ಇನ್ನೂರು, ನೀವು ರಕ್ಷಣೆಗೆ ಇಡುವ ಹಾಲೋ ಪಾಯಿಂಟ್ ಐವತ್ತು, ಇಷ್ಟನ್ನು ಒಂದೂ ಸಿಕ್ಕಿಕೊಳ್ಳದೆ ಹೊಡೆದ ಮೇಲಷ್ಟೇ ಅದು ಸೊಂಟಕ್ಕೆ ಬರಲಿ. ಆ ಗುಂಡುಗಳಲ್ಲಿ ಕೆಲವನ್ನು ಒಂದೇ ಕೈಯಲ್ಲೂ ಹೊಡೆಯಿರಿ, ನಿಮ್ಮ ಹೆಂಡತಿಯೂ ಹೊಡೆಯಲಿ. ಗಟ್ಟಿ ಕೈಯಲ್ಲಿ ಸರಾಗ ಓಡುವ ಪಿಸ್ತೂಲು ಸಡಿಲ ಮಣಿಕಟ್ಟಿನಲ್ಲಿ ತಡವರಿಸುವುದುಂಟು. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ, ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿ ಇಟ್ಟು, ಡಮ್ಮಿ ಹಾಕಿ, ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಎಳೆಯುವ ಅಭ್ಯಾಸ ಮಾಡಿ. ಟ್ರಿಗರ್ ಬಿದ್ದಾಗ ಮುಂದಿನ ಸೈಟ್ (ಗುರಿ ಹಿಡಿಯಲು ಮೂತಿಯ ಮೇಲಿರುವ ಗುರುತು) ಅಲುಗಬಾರದು. ಒದೆತದ ಭಯ ಕಳೆಯಲು ನನಗೆ ಗೊತ್ತಿರುವ ಮದ್ದು ಇದೇ.

ಈ ವಾರಾಂತ್ಯಕ್ಕೆ ನಿಮಗೊಂದು ಕೆಲಸ ಕೊಡುತ್ತೇನೆ. ಬಾಡಿಗೆಗೆ ಪಿಸ್ತೂಲು ಕೊಡುವ ಶೂಟಿಂಗ್ ರೇಂಜ್ ಹುಡುಕಿ. ಕಾನೂನಿನಂತೆ ಬೇರೆಯವರದನ್ನು ಹೊಡೆಯಲು ಬಿಡುವ ಕ್ಲಬ್ ಆದರೂ ಸರಿ. ಚಿಕ್ಕ .45 ಒಂದು, ನಡುಗಾತ್ರದ 9 ಎಂಎಂ ಒಂದು, ಎರಡರಲ್ಲೂ ಐವತ್ತೈವತ್ತು ಗುಂಡು, ಏಳು ಮೀಟರ್ ದೂರ, ಪ್ರತಿ ಸಲ ಎರಡೆರಡು ಗುಂಡು ಒಂದರ ಹಿಂದೆ ಒಂದು. ನಿಮ್ಮ ಹೆಂಡತಿಗೂ ಹಾಗೆಯೇ, ಪ್ರತಿ ಪಿಸ್ತೂಲಿಗೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರಿ ಹಾಳೆ. ಮನೆಗೆ ಬಂದು ನಾಲ್ಕೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿ. ಅಂಗೈ ಅಗಲದೊಳಗೆ ಹೆಚ್ಚು ರಂಧ್ರ ಯಾವುದರಲ್ಲಿ ಇದೆಯೋ ಆ ಪಿಸ್ತೂಲನ್ನು ಕೊಳ್ಳಿ. ಚಿಕ್ಕ .45ರ ಹಾಳೆಗಳೇ ಚೆನ್ನಾಗಿ ಬಂದರೆ ಅದನ್ನೇ ಕೊಳ್ಳಿ, ನಾನು ತಡೆಯುವುದಿಲ್ಲ.